ಒಂಟಿ ಕ್ಯೂವಿನ ನೆಂಟರು

ಭಾನುವಾರ ಮಧ್ಯಾಹ್ನ. ಬಿಸಿಬೇಳೆಬಾತಿನ ಊಟ ಮುಗಿದು ದೊಡ್ಡವರೆಲ್ಲ ತೂಕಡಿಸುವ ಹೊತ್ತು. ಹಜಾರದ ಚಾಪೆಯ ಮೇಲೆ ಸ್ಕ್ರ್ಯಾಬಲ್ ಬೋರ್ಡು, ಅದರ ಸುತ್ತ ಮೂವರು ಮಕ್ಕಳು ಮತ್ತು ಸೋಲೊಪ್ಪದ ಒಬ್ಬ ಅತ್ತೆ. ಚೀಲದಲ್ಲಿ ಅಕ್ಷರದ ಬಿಲ್ಲೆಗಳು ಮುಗಿಯುತ್ತ ಬಂದಿವೆ. ರಜೆಗೆಂದು ಬಂದಿರುವ ಹೈಸ್ಕೂಲು ಹುಡುಗ ಚೀಲಕ್ಕೆ ಕೈ ಹಾಕಿ ಕಟ್ಟಕಡೆಯ ಬಿಲ್ಲೆ ತೆಗೆಯುತ್ತಾನೆ. ಮುಖ ಸಪ್ಪಗಾಗುತ್ತದೆ. ಏನು ಬಂತೆಂದು ಯಾರೂ ಕೇಳಬೇಕಾಗಿಲ್ಲ.

ಕ್ಯೂ! ಯು ಬರೆದ ನಾಲ್ಕು ಬಿಲ್ಲೆಗಳೂ ಆಗಲೇ ಬೇರೆ ಬೇರೆ ಪದಗಳ ನಡುವೆ ಸಿಕ್ಕಿಹಾಕಿಕೊಂಡಿವೆ.

"ಅತ್ತೆ, ಯು ಇಲ್ದೆ ಕ್ಯೂ ಬರೋ ಪದ ಯಾವ್ದಾದ್ರೂ ಇದ್ಯಾ?"

"ಬೇಕಾದಷ್ಟಿವೆ. ಆಟ ಮುಗೀಲಿ, ಹೇಳ್ತೀನಿ."

ಅತ್ತೆ ಸುಳ್ಳು ಹೇಳುತ್ತಿಲ್ಲ. ಇಂಗ್ಲಿಷಿನಲ್ಲಿ ಕ್ಯೂ ಬಂದರೆ ಅದರ ಬೆನ್ನಿಗೇ ಯು ಬರಲೇಬೇಕು ಎಂದು ನಮಗೆಲ್ಲ ಶಾಲೆಯಲ್ಲಿ ಹೇಳಿಕೊಟ್ಟಿದ್ದಾರೆ. ರಾಣಿಗೂ ಪ್ರಶ್ನೆಗೂ ರಸಪ್ರಶ್ನೆಗೂ ಆ ನಿಯಮ ಸರಿಯೇ. ಆದರೆ ನಿಘಂಟಿನ ಕ್ಯೂ ವಿಭಾಗವನ್ನು ತಿರುವಿದರೆ ಯುವಿನ ಹಂಗಿಲ್ಲದೆ ನಿಂತ ಪದಗಳ ಸಣ್ಣದೊಂದು ಗುಂಪು ಸಿಗುತ್ತದೆ. ಮೊದಲ ನೋಟಕ್ಕೆ ಅಚ್ಚಿನ ದೋಷದಂತೆ ಕಾಣುವ ಈ ಪದಗಳಲ್ಲಿ ಹಲವು ಇಂಗ್ಲಿಷ್ ಮಾತಾಡುವವರಿಗಿಂತ ಕನ್ನಡಿಗರಿಗೇ ಹತ್ತಿರದ ನೆಂಟರು ಎಂಬುದು ನಮ್ಮ ಗಮನಕ್ಕೆ ಬರುವುದು ಕಡಿಮೆ.

ಹತ್ತು ಅಂಕದ ತಲೆನೋವು

ಸ್ಕ್ರ್ಯಾಬಲ್ ಆಡದವರಿಗೆ ಎರಡು ಮಾತು. 1930ರ ದಶಕದ ಆರ್ಥಿಕ ಕುಸಿತದಲ್ಲಿ ಕೆಲಸ ಕಳೆದುಕೊಂಡ ಆಲ್ಫ್ರೆಡ್ ಬಟ್ಸ್ ಎಂಬ ಅಮೆರಿಕದ ವಾಸ್ತುಶಿಲ್ಪಿ, ಪತ್ರಿಕೆಯ ಪುಟಗಳಲ್ಲಿ ಯಾವ ಅಕ್ಷರ ಎಷ್ಟು ಸಲ ಬರುತ್ತದೆಂದು ಕೂತು ಎಣಿಸಿ ಈ ಆಟ ಕಟ್ಟಿದ. 1948ರಲ್ಲಿ ಜೇಮ್ಸ್ ಬ್ರೂನೊ ಅದಕ್ಕೆ ಸ್ಕ್ರ್ಯಾಬಲ್ ಎಂದು ಹೆಸರಿಟ್ಟು ಮಾರುಕಟ್ಟೆಗೆ ತಂದ. ಒಟ್ಟು ಬಿಲ್ಲೆಗಳು 100. ಎಲ್ಲೆಡೆ ಸಿಗುವ 'ಇ' ಅಕ್ಷರಕ್ಕೆ 12 ಬಿಲ್ಲೆ, ಒಂದೊಂದಕ್ಕೆ ಒಂದೇ ಅಂಕ. ಯು ನಾಲ್ಕು. ಕ್ಯೂ ಒಂದೇ ಒಂದು, ಅದಕ್ಕೆ ಹತ್ತು ಅಂಕ.

ಹತ್ತು ಅಂಕವೆಂದು ಹಿಗ್ಗುವಂತಿಲ್ಲ. ಆಟ ಮುಗಿದಾಗ ಕೈಯಲ್ಲಿ ಉಳಿದ ಬಿಲ್ಲೆಯ ಅಂಕ ನಮ್ಮ ಲೆಕ್ಕದಿಂದ ಕಳೆದುಹೋಗುತ್ತದೆ, ಎಲ್ಲ ಬಿಲ್ಲೆ ಮುಗಿಸಿದವರ ಲೆಕ್ಕಕ್ಕೆ ಸೇರುತ್ತದೆ. ಹಾಗಾಗಿ ಪಳಗಿದ ಆಟಗಾರರು ಯು ಬೇಡದ ಕ್ಯೂ ಪದಗಳನ್ನು ಮಗ್ಗಿಯಂತೆ ಬಾಯಿಪಾಠ ಮಾಡುತ್ತಾರೆ. ಅರ್ಥ ಗೊತ್ತಿರಬೇಕೆಂದಿಲ್ಲ. ಬಹಳಷ್ಟು ಮಂದಿಗೆ ಗೊತ್ತಿರುವುದೂ ಇಲ್ಲ. ನನಗೆ ಬೇಸರ ತರಿಸುವುದು ಇದೇ, ಏಕೆಂದರೆ ಸೊಗಸೆಲ್ಲ ಇರುವುದು ಅರ್ಥದಲ್ಲಿ.

ಯು ಗಂಟುಬಿದ್ದದ್ದು ಹೇಗೆ?

ಮೂರು ಸಾವಿರ ವರ್ಷಗಳ ಹಿಂದೆ ಮೆಡಿಟರೇನಿಯನ್ ದಂಡೆಯ ಫಿನೀಷಿಯನ್ ವ್ಯಾಪಾರಿಗಳ ಲಿಪಿಯಲ್ಲಿ ಎರಡು ಬಗೆಯ ಕ ಇದ್ದವು. ಒಂದು ನಮ್ಮ ಕ. ಇನ್ನೊಂದು ನಾಲಿಗೆಯ ಬುಡವನ್ನು ಕಿರುನಾಲಗೆಯವರೆಗೆ ಒಯ್ದು ಗಂಟಲಿನ ಆಳದಿಂದ ಹೊರಡಿಸುವ ಕ. ಎರಡನೆಯದರ ಅಕ್ಷರಕ್ಕೆ ಕೋಫ್ ಎಂದು ಹೆಸರು. ಹೀಬ್ರೂ ಭಾಷೆಯಲ್ಲಿ ಇಂದಿಗೂ ಆ ಅಕ್ಷರ ಇದೆ, ಮತ್ತು ಕೋತಿಗೂ ಅಲ್ಲಿ ಅದೇ ಪದ. ಆ ಕೋತಿ ನಮ್ಮ ಸಂಸ್ಕೃತದ 'ಕಪಿ'ಯಿಂದ ಹೋದದ್ದು ಎಂದು ಹಲವು ವಿದ್ವಾಂಸರ ಅಭಿಪ್ರಾಯ.

ಗ್ರೀಕರು ಲಿಪಿಯನ್ನು ಕಡ ತಂದುಕೊಂಡರು. ಅವರ ಬಾಯಲ್ಲಿ ಆಳದ ಕ ಇರಲಿಲ್ಲ. ಕೆಲಸವಿಲ್ಲದ ಅಕ್ಷರ ಕೊನೆಗೆ 90 ಎಂಬ ಅಂಕಿಯ ಗುರುತಾಗಿ ಮಾತ್ರ ಉಳಿಯಿತು. ರೋಮನ್ನರು ಜಿಪುಣರು, ಬಿಸಾಡಲಿಲ್ಲ. ಅವರ ಲ್ಯಾಟಿನ್ ಭಾಷೆಯಲ್ಲಿ 'ಕ್ವ' ಎಂಬ ಸದ್ದು ಹೇರಳ. ಅದನ್ನು ಬರೆಯಲು ಕ್ಯೂ ಮತ್ತು ಯುವನ್ನು ಜೋಡಿ ಮಾಡಿದರು.

ಇಂಗ್ಲಿಷರಿಗೆ ಈ ಜೋಡಿಯ ಅಗತ್ಯ ಮೊದಲು ಇರಲೇ ಇಲ್ಲ. ಹಳೆಯ ಇಂಗ್ಲಿಷಿನಲ್ಲಿ ರಾಣಿಯ 'ಕ್ವೀನ್' ಸಿ ಮತ್ತು ಡಬ್ಲ್ಯು ಹಾಕಿ ಬರೆಯುವ ಪದವಾಗಿತ್ತು. ಇಂದು ವೇಗವೆಂಬ ಅರ್ಥದ 'ಕ್ವಿಕ್' ಕೂಡ ಹಾಗೆಯೇ, ಆಗ ಅದರ ಅರ್ಥ ಜೀವಂತ. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದರು. ಅವರ ಜತೆ ಬಂದ ಫ್ರೆಂಚ್ ರೂಢಿಯ ಬರಹಗಾರರು ತಮಗೆ ಪರಿಚಿತವಾದ ಜೋಡಿಯನ್ನೇ ಇಂಗ್ಲಿಷ್ ಪದಗಳಿಗೂ ತೊಡಿಸಿದರು. ಮುಂದಿನ ಎರಡು ಶತಮಾನಗಳಲ್ಲಿ ಹಳೆಯ ಬರವಣಿಗೆ ಅಳಿಯಿತು. ನಮ್ಮ ಮಕ್ಕಳು ಸ್ಪೆಲಿಂಗ್ ಪರೀಕ್ಷೆಯಲ್ಲಿ ಅಂಕ ಕಳೆದುಕೊಳ್ಳುವುದರ ಹಿಂದೆ ಇಷ್ಟು ಹಳೆಯ ಯುದ್ಧವೊಂದಿದೆ.

ಗಂಟಲಿನ ಆಳದ ಕ

ಫಿನೀಷಿಯನ್ನರ ಆಳದ ಕ ಅರಬ್ಬಿಯಲ್ಲಿ ಇಂದಿಗೂ ಗಟ್ಟಿಯಾಗಿ ಬದುಕಿದೆ. ಅಲ್ಲಿ ಅದರ ಹೆಸರು ಕಾಫ್. ಉರ್ದು, ಫಾರಸಿ ಲಿಪಿಗಳಲ್ಲಿ ಎರಡು ಚುಕ್ಕಿ ಹೊತ್ತು ಕೂರುವ ಅಕ್ಷರ ಅದು.

ಅರಬ್ಬಿ ಪದಗಳು ಇಂಗ್ಲಿಷಿಗೆ ಬಹಳ ಹಿಂದೆಯೇ ಬಂದವು, ವ್ಯಾಪಾರಿಗಳ ಮತ್ತು ಯಾತ್ರಿಕರ ಜತೆ. ಅವರು ಕಿವಿಗೆ ಬಿದ್ದಂತೆ ಬರೆದುಕೊಂಡರು. ಫಕೀರನನ್ನು ಕೆ ಹಾಕಿ ಬರೆದರು, ಖಾಜಿಯನ್ನು ಸಿ ಹಾಕಿ ಬರೆದರು. ಕುರಾನ್ ಕೂಡ ನೂರಾರು ವರ್ಷ ಕೆ ಅಕ್ಷರದಿಂದಲೇ ಶುರುವಾಗುತ್ತಿತ್ತು. ಆಮೇಲೆ ವಿದ್ವಾಂಸರು ಅರಬ್ಬಿಯ ಒಂದೊಂದು ಅಕ್ಷರಕ್ಕೂ ರೋಮನ್ ಲಿಪಿಯಲ್ಲಿ ಒಂದೊಂದು ಗುರುತು ಗೊತ್ತುಮಾಡಲು ಹೊರಟರು. ಮಾಮೂಲಿ ಕ ಧ್ವನಿಗೆ ಕೆ ಇತ್ತು. ಕಾಫ್‌ಗೆ ಏನು ಕೊಡುವುದು? ಮೂಲದಲ್ಲಿ ಅದೇ ವಂಶದ ಕ್ಯೂ ಮೂಲೆಯಲ್ಲಿ ಕೂತಿತ್ತು. ಅಕ್ಷರ ತನ್ನ ಹಳೆಯ ಕೆಲಸಕ್ಕೆ ಮರಳಿತು, ಈ ಸಲ ಯುವಿನ ಊರುಗೋಲಿಲ್ಲದೆ.

ಕುರಾನಿನ ಈಗಿನ ಸ್ಪೆಲಿಂಗಿನಲ್ಲಿ ಕ್ಯೂ ಬೆನ್ನಿಗೆ ಯು ಇದೆಯಲ್ಲ ಎಂದು ಯಾರಾದರೂ ಕೇಳಬಹುದು. ಇದೆ, ಆದರೆ ಅದು 'ಕ್ವ'ದ ಯು ಅಲ್ಲ, ಕು ಎಂಬಲ್ಲಿನ ಉಕಾರ. ಬೇರೆ ಕಾರಣಕ್ಕೆ ಪಕ್ಕದಲ್ಲಿ ಬಂದು ಕೂತ ಪ್ರಯಾಣಿಕ.

ಹೀಗೆ ನಿಘಂಟು ಸೇರಿದವರ ಪಟ್ಟಿಯಲ್ಲಿ ನಮಗೆ ಗೊತ್ತಿರುವ ಮುಖಗಳೇ ಹೆಚ್ಚು: ಬುರ್ಖಾ, ನಿಖಾಬ್, ತಲಾಖ್, ಖಾಜಿ, ಕವ್ವಾಲಿ. ನಮಾಜಿಗೆ ಮುಖ ಮಾಡುವ ಮೆಕ್ಕಾದ ದಿಕ್ಕು 'ಕಿಬ್ಲಾ', ಸೂಫಿಗಳ ಸಾಧನೆಯ ದಾರಿ 'ತರೀಕಾ'. ಮೂರೇ ಅಕ್ಷರದ 'ಕಾಟ್' ಒಂದು ಗಿಡ. ಯೆಮೆನ್, ಇಥಿಯೋಪಿಯ, ಸೊಮಾಲಿಯದಲ್ಲಿ ಅದರ ಎಳೆಯ ಎಲೆಗಳನ್ನು ಕೆನ್ನೆಯಲ್ಲಿಟ್ಟು ಗಂಟೆಗಟ್ಟಲೆ ಜಗಿಯುತ್ತಾರೆ. ನಮ್ಮ ಎಲೆಯಡಿಕೆಯ ಕಟ್ಟೆಪುರಾಣ ನೆನಪಿಸುವ ಕೂಟ, ಅಮಲು ಮಾತ್ರ ಜಾಸ್ತಿ.

ಒಂದು ಜೊಂಡಿನಿಂದ ಎಷ್ಟೆಲ್ಲ

ಈ ಗುಂಪಿನಲ್ಲಿ ನನಗೆ ತೀರ ಇಷ್ಟವಾದದ್ದು 'ಕನಾತ್'. ಇರಾನಿನ ಒಣಭೂಮಿಯಲ್ಲಿ ನೀರು ತರುವ ನೆಲದಡಿಯ ಕಾಲುವೆ ಇದು. ಗುಡ್ಡದ ಬುಡದಲ್ಲಿ ಅಂತರ್ಜಲ ಸಿಗುವವರೆಗೆ ಒಂದು ತಾಯಿಬಾವಿ ತೋಡುತ್ತಾರೆ. ಅಲ್ಲಿಂದ ಊರಿನ ಕಡೆಗೆ, ಕಣ್ಣಿಗೆ ಕಾಣದಷ್ಟು ಇಳಿಜಾರಿನಲ್ಲಿ, ಸುರಂಗ. ಗಾಳಿಗೆ ಮತ್ತು ಹೂಳೆತ್ತಲು ದಾರಿಯುದ್ದಕ್ಕೂ ಮೇಲಿನಿಂದ ಇಳಿಬಾವಿಗಳು. ಏತವಿಲ್ಲ, ಪಂಪಿಲ್ಲ. ನೀರು ತನ್ನ ಪಾಡಿಗೆ ಹರಿದು ಊರ ಬಾಗಿಲಲ್ಲಿ ಬೆಳಕು ಕಾಣುತ್ತದೆ, ಬಿಸಿಲಿಗೆ ಆವಿಯಾಗುವುದೂ ತಪ್ಪುತ್ತದೆ. 2016ರಲ್ಲಿ ಯುನೆಸ್ಕೊ ಇರಾನಿನ ಹನ್ನೊಂದು ಕನಾತ್‌ಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಅವುಗಳಲ್ಲಿ ಗೊನಾಬಾದಿನದ್ದರ ತಾಯಿಬಾವಿ 300 ಮೀಟರಿಗಿಂತ ಆಳ.

ಇದನ್ನು ನೋಡಲು ಇರಾನಿಗೇ ಹೋಗಬೇಕಿಲ್ಲ. ಬೀದರಿನ ನೌಬಾದ್ ಕಡೆ ಹೋದರೆ ಬಹಮನಿ ಸುಲ್ತಾನರ ಕಾಲದ, 15ನೇ ಶತಮಾನದ, ಇಂಥದ್ದೇ ಸುರಂಗವಿದೆ. ಅಲ್ಲಿ ಅದಕ್ಕೆ ಕರೇಜ್ ಎನ್ನುತ್ತಾರೆ, ಅದು ಇದೇ ವ್ಯವಸ್ಥೆಗೆ ಇನ್ನೊಂದು ಫಾರಸಿ ಹೆಸರು. ಊರವರ ಬಾಯಲ್ಲಿ ಸುರಂಗ ಬಾವಿ. ಬಹಮನಿ ಆಸ್ಥಾನಕ್ಕೆ ಇರಾನಿನ ಕಡೆಯಿಂದ ಬಂದವರು ಕವಿತೆ, ವರ್ಣಚಿತ್ತಾರದ ಹೆಂಚುಗಳ ಜತೆ ಈ ಜಲವಿದ್ಯೆಯನ್ನೂ ತಂದರು. ಕಾಸರಗೋಡು, ದಕ್ಷಿಣ ಕನ್ನಡದ ಗುಡ್ಡದ ಮನೆಗಳಲ್ಲಿ ಕೆಂಪುಕಲ್ಲನ್ನು ಅಡ್ಡಕ್ಕೆ ಕೊರೆದು ತೋಟಕ್ಕೆ ನೀರು ತರುವ 'ಸುರಂಗ'ಗಳೂ ಇದೇ ಉಪಾಯದವು.

ಇನ್ನು ಪದದ ಕಥೆ. ಅರಬ್ಬಿಯಲ್ಲಿ ಕನಾತ್ ಎಂದರೆ ಕೊಳವೆ, ಈಟಿಯ ಕೋಲು, ಕಾಲುವೆ ಎಲ್ಲವೂ ಹೌದು. ಆ ನೆಲದ ಹಳೆಯ ಭಾಷೆಗಳಲ್ಲಿ ಇದೇ ಮೂಲದ ಪದಕ್ಕೆ ಜೊಂಡು ಎಂದು ಅರ್ಥ. ಒಳಗೆ ಟೊಳ್ಳಾದ, ನೆಟ್ಟಗೆ ಬೆಳೆಯುವ ಜೊಂಡುಹುಲ್ಲು. ಟೊಳ್ಳು ನೀರಿನ ಕೊಳವೆಯಾಯಿತು. ನೆಟ್ಟಗಿರುವುದು ಅಳತೆಗೋಲಾಯಿತು. ಆ ಪದವನ್ನು ಗ್ರೀಕರು ಎರವಲು ಪಡೆದು ಅಳತೆಗೋಲಿಗೆ 'ಕನೋನ್' ಎಂದರು. ಅಳತೆಗೋಲಿನಿಂದ ಮಾನದಂಡ, ಮಾನದಂಡದಿಂದ ನಿಯಮ. ನಿಯಮವೆಂಬ ಅರ್ಥ ಹೊತ್ತು ಅದು ಮತ್ತೆ ಅರಬ್ಬಿಗೆ ವಾಪಸು ಬಂದಾಗ 'ಕಾನೂನ್' ಆಗಿತ್ತು. ಅಲ್ಲಿಂದ ಫಾರಸಿ, ಉರ್ದುಗಳ ಮೂಲಕ ನಮ್ಮ ಕೋರ್ಟಿಗೆ ಬಂದು ಕಾನೂನು ಆಯಿತು.

ಇಂಗ್ಲಿಷಿನಲ್ಲೂ ಯು ಹಿಂದೆ ಬಾರದ ಕ್ಯೂವಿನ 'ಕಾನೂನ್' ಇದೆ, ಆದರೆ ಅದು ವಾದ್ಯ. ಒಂದು ಪಕ್ಕ ಓರೆಯಾಗಿ ಕತ್ತರಿಸಿದ ಮರದ ಪೆಟ್ಟಿಗೆಯ ಮೇಲೆ ಸಾಲುಸಾಲು ತಂತಿ, ತೊಡೆಯ ಮೇಲಿಟ್ಟು ಮೀಟುತ್ತಾರೆ. ಅರಬ್ ಸಂಗೀತ ಕೇಳಿದವರಿಗೆ ಅದರ ನಾದ ಪರಿಚಿತ. ಹೀಗೆ ಕಾನೂನು, ಕನಾತ್, ಇಂಗ್ಲಿಷಿನ ಕೆನಾಲ್, ಟೀವಿಯ ಚಾನೆಲ್ ಎಲ್ಲವೂ ಒಂದೇ ಜೊಂಡಿನ ಗಣ್ಣುಗಳು.

ಇನ್ನೊಂದು ಜೊಂಡೂ ಇದೆ. ಇಂಗ್ಲಿಷ್ ನಿಘಂಟಿನ 'ಕಲಮ್‌ದಾನ್' ಎಂದರೆ ಲೇಖನಿಯ ಪೆಟ್ಟಿಗೆ. ಕಲಮ್ ಎಂಬ ಅರಬ್ಬಿ ಲೇಖನಿಯೂ ಗ್ರೀಕರ ಜೊಂಡಿನ ಪದದಿಂದಲೇ ಬಂದದ್ದೆನ್ನುತ್ತಾರೆ, ಜೊಂಡನ್ನೇ ಕೆತ್ತಿ ಬರೆಯುತ್ತಿದ್ದರಲ್ಲ. ಲೇಖನಿ ನಮ್ಮಲ್ಲಿಗೆ ಬಂದು ಕಾಯ್ದೆಯ ಪರಿಚ್ಛೇದವಾಯಿತು. ಪೊಲೀಸರು ಯಾರ ಮೇಲಾದರೂ ಇಂಥ ಕಾನೂನಿನ ಇಂಥ ಕಲಂ ಹಾಕಿದರೆಂದು ಓದಿದಾಗಲೆಲ್ಲ ನನಗೆ ಎರಡು ಜೊಂಡು ಕಡ್ಡಿ ಕಾಣುತ್ತವೆ.

ತಾಲ್ಲೂಕು ಕಚೇರಿಯ ಎಂಟು ಕ್ಯೂ

ರೈತನೊಬ್ಬ ಮನೆಗೆ ಬಂದು ಜಗಲಿಯಲ್ಲಿ ಕೂತು ಹೀಗೆ ದೂರಿದನೆನ್ನಿ: "ತಾಲ್ಲೂಕು ಆಫೀಸಿಗೆ ಹೋಗಿ ಜಮೀನಿನ ನಕ್ಷೆಯ ನಕಲು ಕೇಳ್ದೆ. ಬಾಕಿ ಇದೆ, ಕಿಸ್ತು ಕಟ್ಟು, ಕಾನೂನು ಹಂಗೈತೆ, ನಿನ್ನ ಹಕ್ಕು ಬೇಕಿದ್ರೆ ಮೊಕದ್ದಮೆ ಹೂಡು ಅಂದ್ರು."

ಒಂದು ಉಸಿರಿನಲ್ಲಿ ಎಂಟು ಕಾಫ್. ತಾಲ್ಲೂಕು, ನಕ್ಷೆ, ನಕಲು, ಬಾಕಿ, ಕಿಸ್ತು, ಕಾನೂನು, ಹಕ್ಕು, ಮೊಕದ್ದಮೆ. ವಿದ್ವಾಂಸರ ರೋಮನ್ ಪದ್ಧತಿಯಲ್ಲಿ ಬರೆದರೆ ಎಂಟಕ್ಕೂ ಕ್ಯೂ ಬೇಕು. ಬಹಮನಿಗಳಿಂದ ಆದಿಲ್‌ಶಾಹಿಗಳವರೆಗೆ, ಮರಾಠರ ದಫ್ತರಗಳಿಂದ ಹೈದರಾಲಿ-ಟಿಪ್ಪುವಿನ ಕಂದಾಯ ಲೆಕ್ಕದವರೆಗೆ, ಆಡಳಿತದ ಮಾತು ಫಾರಸಿಯ ಛಾಯೆಯಲ್ಲಿ ಬೆಳೆದದ್ದರ ಗುರುತು ಇದು. ತಾಲ್ಲೂಕಿನ ಮೂಲಾರ್ಥ ಸಂಬಂಧ, ಒಂದು ಇನ್ನೊಂದಕ್ಕೆ ಸೇರಿರುವುದು. ಹಕ್ಕಿನ ಮೂಲಾರ್ಥದಲ್ಲಿ ಸತ್ಯವೂ ಸೇರಿದೆ. ತಾನೇ ಆ ಹಕ್ ಎಂದು ಘೋಷಿಸಿದ ಸೂಫಿ ಹಲ್ಲಾಜನನ್ನು 922ರಲ್ಲಿ ಬಾಗ್ದಾದಿನಲ್ಲಿ ಕೊಂದರು. ನಮ್ಮಲ್ಲಿ ಆ ಪದ ಪಹಣಿಯ ಕಾಲಂನಲ್ಲಿ ಸಾಧುವಾಗಿ ಕೂತಿದೆ. ಭೂಸುಧಾರಣಾ ಕಾಯ್ದೆಯ 'ಕಾಯ್ದೆ'ಯೂ ಭಯೋತ್ಪಾದಕ ಸಂಘಟನೆ ಅಲ್ ಕೈದಾದ 'ಕೈದಾ'ವೂ ಒಂದೇ ಪದ, ಬುನಾದಿ ಎಂದರ್ಥ. ಇದನ್ನು ವಕೀಲ ಮಿತ್ರರಿಗೆ ಹೇಳಿದರೆ ಅವರಿಗೆ ಅಷ್ಟೇನೂ ಖುಷಿಯಾಗುವುದಿಲ್ಲ.

ಕನ್ನಡಕ್ಕೆ ಬರುವಾಗ ಆಳದ ಕ ಹೊಸ್ತಿಲಲ್ಲೇ ಚಪ್ಪಲಿ ಬಿಟ್ಟಿತು. ಕೊನೆಗೆ ಒಂದು ಉಕಾರ ಸಿಕ್ಕಿಸಿಕೊಂಡು ಹಕ್ಕು, ನಕಲು, ಬಂದೂಕು ಎಂದು ಮನೆಮಂದಿಯಾಯಿತು. ಆದರೆ ಕೆಲವು ಪದಗಳಲ್ಲಿ ಕ ಅಲ್ಲ, ಖ ಇದೆ: ಇಲಾಖೆ, ಖಾಯಂ, ಖಾಜಿ, ತಲಾಖ್, ಬುರ್ಖಾ. ಮೂಲದಲ್ಲಿ ಇವೂ ಕಾಫ್‌ಗಳೇ. ನಮ್ಮ ಕಡೆಯ ದಖನಿ ಉರ್ದುವಿನಲ್ಲಿ ಆಳದ ಕ ಗಂಟಲನ್ನು ಉಜ್ಜಿಕೊಂಡು ಖ ಆಗುತ್ತದೆ. ಉತ್ತರ ಭಾರತದ ಉರ್ದು ಪಂಡಿತರು ಹಾಸ್ಯ ಮಾಡುವ ಉಚ್ಚಾರಣೆ ಅದು. ಆ ಗಾಳಿಯೇ ಈ ಕನ್ನಡ ಪದಗಳಿಗೂ ತಗುಲಿದೆ ಎನ್ನಿಸುತ್ತದೆ. ಸರ್ಕಾರಿ ಬೋರ್ಡಿನ 'ಇಲಾಖೆ'ಯಲ್ಲಿ ಬೀದರ್-ವಿಜಯಪುರದ ಬಾಯಿಮಾತು ಸದ್ದಿಲ್ಲದೆ ಉಳಿದುಕೊಂಡಿದೆ.

ಬೇರೆ ಬೇರೆ ಗಂಟಲು

ಒಂಟಿ ಕ್ಯೂಗಳೆಲ್ಲ ಅರಬ್ಬಿಯವಲ್ಲ. ಉತ್ತರ ಧ್ರುವದ ಬಳಿಯ ಇನ್ಯುಯಿಟ್ ಜನರ ಮಾತಿನಲ್ಲೂ ಆಳದ ಕ ಇದೆ. ಅವರ ತೊಗಲಿನ ದೊಡ್ಡ ದೋಣಿ 'ಉಮಿಯಾಕ್'. ಕಸ್ತೂರಿ ಎತ್ತಿನ ಒರಟು ಕೂದಲಿನ ಅಡಿಯಲ್ಲಿರುವ, ಕುರಿಯ ಉಣ್ಣೆಗಿಂತ ಎಷ್ಟೋ ಬೆಚ್ಚಗಿನ ನವಿರು ಉಣ್ಣೆ 'ಕಿವಿಯುಟ್'.

ಕೆನಡಾದ ನುನಾವುಟ್ ಪ್ರದೇಶದ ರಾಜಧಾನಿ ಇಕಾಲುಯಿಟ್. ಹೇರಳ ಮೀನಿರುವ ಜಾಗವೆಂದು ಅರ್ಥ. ಕ್ಯೂ ಬೆನ್ನಿಗೆ ನೇರ ಎ. ಶಾಲೆಯಲ್ಲಿ ಕಲಿತ ನಿಯಮ ಬಿಡಲಾಗದವರು ನಡುವೆ ಒಂದು ಯು ತುರುಕುತ್ತಾರೆ. 2009ರಲ್ಲಿ ಕೆನಡಾದ ಪ್ರಧಾನಿ ಕಚೇರಿಯ ಪ್ರಕಟಣೆಯಲ್ಲೇ ಈ ತಪ್ಪಾಯಿತು. ಆ ಒಂದು ಯು ಸೇರಿದರೆ ಸ್ಥಳೀಯರ ಭಾಷೆಯಲ್ಲಿ ಊರಿನ ಹೆಸರು ಕುಂಡೆ ತೊಳೆಯದವರು ಎಂಬರ್ಥಕ್ಕೆ ತಿರುಗುತ್ತದೆ.

ಚೀನೀ ಕ್ಯೂವಿಗೆ ಗಂಟಲಿನ ಗೊಡವೆಯೇ ಇಲ್ಲ. 1958ರಲ್ಲಿ ಚೀನಾ ತನ್ನ ಭಾಷೆಯನ್ನು ರೋಮನ್ ಲಿಪಿಯಲ್ಲಿ ಬರೆಯಲು ಪಿನ್‌ಯಿನ್ ಪದ್ಧತಿ ತಂದಾಗ, 'ಚ' ಹತ್ತಿರದ ಒಂದು ಧ್ವನಿಗೆ ಕ್ಯೂ ಗೊತ್ತುಮಾಡಿತು. ಕ್ಯೂ, ಐ ಎರಡೇ ಅಕ್ಷರ ಸೇರಿದರೆ 'ಚೀ'. ನಮ್ಮ ಪ್ರಾಣಶಕ್ತಿಗೆ ಹತ್ತಿರದ, ದೇಹದಲ್ಲಿ ಹರಿಯುವ ಉಸಿರು. ತೈ ಚಿ ವ್ಯಾಯಾಮದ 'ಚಿ' ಇದೇ ಎಂದು ತಿಳಿದವರಿದ್ದಾರೆ. ಅಲ್ಲ, ಅದು ಬೇರೆ ಪದ. ಅಮೆರಿಕದ ಸ್ಕ್ರ್ಯಾಬಲ್ ಪಟ್ಟಿಗೆ 2006ರಲ್ಲಿ 'ಚೀ' ಸೇರಿದ ಮೇಲೆ ಆಟದ ಲೆಕ್ಕವೇ ಬದಲಾಯಿತು. ಅಕ್ಷರದ ಅಂಕ ಮೂರುಪಟ್ಟಾಗುವ ಮನೆಯಲ್ಲಿ ಕ್ಯೂ ಇಟ್ಟು, ಅಡ್ಡಕ್ಕೂ ಉದ್ದಕ್ಕೂ ಚೀ ಬರುವಂತೆ ಮಾಡಿದರೆ 62 ಅಂಕ. ಎರಡಕ್ಷರದ ಪದಕ್ಕೆ!

ಅಲ್ಬೇನಿಯದ ಚಿಲ್ಲರೆ ಕಾಸಿನ ಹೆಸರೂ ಒಂಟಿ ಕ್ಯೂವಿನದು, ಅಂಥ ನೂರು ಸೇರಿದರೆ ಒಂದು ಲೆಕ್. ದಕ್ಷಿಣ ಆಫ್ರಿಕದ ಜುಲು, ಖೋಸಾ ಭಾಷೆಗಳಲ್ಲಿ ಕ್ಯೂ ಎಂದರೆ ನಾಲಿಗೆಯನ್ನು ಅಂಗುಳಕ್ಕೆ ಒತ್ತಿ ಥಟ್ಟನೆ ಬಿಡಿಸಿದಾಗ ಬರುವ, ಸೀಸೆಯ ಬಿರಡೆ ಕಿತ್ತಂಥ 'ಟೊಕ್' ಸದ್ದು. ಗಾಯಕಿ ಮಿರಿಯಮ್ ಮಕೇಬಾ ತಮ್ಮ ಖೋಸಾ ಹಾಡಿನಲ್ಲಿ ಈ ಸದ್ದನ್ನು ಜಗತ್ತಿಗೆಲ್ಲ ಕೇಳಿಸಿದರು. ಕರಿಯರ ಬಡಾವಣೆಗಳಲ್ಲಿ ಹುಟ್ಟಿದ 'ಂಬಕಾಂಗ' ಸಂಗೀತದ ಹೆಸರಿನ ನಡುವೆಯೂ ಈ ಟೊಕ್ ಇದೆ. ಕನ್ನಡ ಲಿಪಿಯಲ್ಲಿ ಅದನ್ನು ಬರೆಯಲು ಹೋಗಿ ನಾನು ಸೋತಿರುವುದನ್ನು ನೀವೇ ನೋಡುತ್ತಿದ್ದೀರಿ.

ಇಂಗ್ಲಿಷಿನ ಸ್ವಂತ ಸಂತಾನವೂ ಒಂದೆರಡಿವೆ. ಪ್ರಾಣಿಗಳನ್ನು ಮಲಗಿಸುವ ಮದ್ದಿನ ಉದ್ದ ಹೆಸರನ್ನು ಮೊಟಕುಗೊಳಿಸುವಾಗ ಯು ಕತ್ತರಿಸಿ ಬಿದ್ದು 'ಟ್ರ್ಯಾಂಕ್' ಆಯಿತು. ಕೀಬೋರ್ಡಿನ ಮೇಲಿನ ಸಾಲಿನ ಮೊದಲ ಆರು ಅಕ್ಷರಗಳು ಸೇರಿ 'ಕ್ವರ್ಟಿ' ಎಂಬ ಪದವೇ ಆಗಿಹೋಯಿತು, 1870ರ ದಶಕದ ಟೈಪ್‌ರೈಟರಿನ ಕೊಡುಗೆ. ಆ ಸಾಲಿನ ಮೊದಲ ಕೀಲಿ ನಾವು ನುಡಿ ತಂತ್ರಾಂಶದಲ್ಲಿ ಕನ್ನಡ ಟೈಪಿಸುವಾಗ ಟ ಮೂಡಿಸುತ್ತದೆ. ಆ ಕೀಲಿಮಣೆಯನ್ನು ರೂಪಿಸಿದ ಕೆ.ಪಿ. ರಾವ್ ಅವರ ವಿನ್ಯಾಸದಲ್ಲಿ ಕ್ಯೂವಿಗೂ ಕಕಾರಕ್ಕೂ ನಂಟೇ ಇಲ್ಲ.

ಅತ್ತ ಚಾಪೆಯ ಮೇಲೆ

ಹುಡುಗನ ಕೈಯಲ್ಲಿ ಕ್ಯೂ ಜತೆ ಎರಡು ಎ, ಒಂದು ಎಸ್, ಒಂದು ಬಿ ಇವೆ. ಹಿಂದಿನ ದಿನ ಅಪ್ಪನ ಜತೆ ಊರಿನಿಂದ ಬರುವಾಗ ದಾರಿಯ ಬೋರ್ಡೊಂದರಲ್ಲಿ 'ಕಸಬಾ ಹೋಬಳಿ' ಎಂದು ಓದಿದ್ದು ನೆನಪಾಗಿ, ಕ್ಯೂ ಹಚ್ಚಿ 'ಕಸಬಾ' ಜೋಡಿಸುತ್ತಾನೆ. ಅತ್ತೆ ಕನ್ನಡಕ ಏರಿಸಿ ನಿಘಂಟು ತೆಗೆಯುತ್ತಾರೆ. ಹುಡುಗನ ಅರಬ್ಬಿ ಸರಿಯಾಗಿದೆ. ಕೋಟೆಯೂರು ಎಂಬರ್ಥದ ಆ ಪದದಲ್ಲಿರುವುದು ಕಾಫ್ ಅಕ್ಷರವೇ, ಆಲ್ಜಿಯರ್ಸ್ ನಗರದ ಹಳೆಯ ಕಸ್ಬಾ ಕೂಡ ಅದೇ. ಆದರೆ ಇಂಗ್ಲಿಷಿಗೆ ಅದು ಫ್ರೆಂಚರ ಕೈದಾಟಿ ಬಂದದ್ದರಿಂದ ಸಿ ಅಥವಾ ಕೆ ಹಾಕಿ ಬರೆಯಬೇಕು, ಕೊನೆಗೊಂದು ಎಚ್ ಬೇರೆ.

"ಇಲ್ಲಪ್ಪ, ಕ್ಯೂನಲ್ಲಿ ಇಲ್ಲ. ವಾಪಸ್ ತಗೋ."

ಹುಡುಗ ಐದೂ ಬಿಲ್ಲೆಗಳನ್ನು ಎತ್ತಿಕೊಳ್ಳುತ್ತಾನೆ. ಅತ್ತೆ ತಮ್ಮ ಕೊನೆಯ ಎರಡು ಬಿಲ್ಲೆ ಇಟ್ಟು ಆಟ ಮುಗಿಸಿ, ಅವನ ಹೆಸರಿನ ಕೆಳಗೆ ಕ್ಯೂವಿನ ಹತ್ತು, ಉಳಿದವುಗಳ ಆರು ಬರೆದು ಕಳೆಯುತ್ತಾರೆ. ಬೋರ್ಡಿನ ಬಲ ಅಂಚಿನ ಹತ್ತಿರ ಒಂದು ಐ, ಆಗಿನಿಂದಲೂ ಪಕ್ಕದ ಮನೆ ಖಾಲಿ ಇಟ್ಟುಕೊಂಡು ಕೂತಿತ್ತು.